ಸೋರಿಕೆಗೊಂದು ದಾರಿ

ಸೋರದ ವಾಲ್ವ್ ಎಂಬುದು ಇಲ್ಲ. ಆಗಷ್ಟೇ ಪೆಟ್ಟಿಗೆಯಿಂದ ತೆಗೆದ ಗ್ಯಾಸ್ ವಾಲ್ವ್‌ಗೂ ಇಂತಿಷ್ಟರವರೆಗೆ ಸೋರಿದರೆ ಅಡ್ಡಿಯಿಲ್ಲ ಎಂಬ ಮಿತಿ ಗೊತ್ತುಮಾಡಿರುತ್ತಾರೆ. ನಾಲ್ಕಾರು ವರ್ಷ ದುಡಿದ ವಾಲ್ವ್‌ನ ಕತೆಯಂತೂ ಹೇಳುವುದೇ ಬೇಡ. ಮುಚ್ಚಳ ಬಂದು ಕೂರುವ ಸೀಟಿನ ರಬ್ಬರು ಗಡುಸಾಗುತ್ತದೆ. ಕೊಳವೆಯ ತುಕ್ಕಿನ ಪುಡಿ, ವೆಲ್ಡಿಂಗ್ ಮಾಡಿದಾಗ ಒಳಗೇ ಉಳಿದ ಲೋಹದ ಕಾಳು, ಜೋಡಣೆಗೆ ಸುತ್ತಿದ ಟೇಪಿನ ಎಳೆ ಗ್ಯಾಸಿನ ಜೊತೆ ಬಂದು ಆ ಸೀಟಿನ ಮೇಲೇ ತಂಗುತ್ತವೆ. ಹೊರಗಿನಿಂದ ನೋಡಿದರೆ ವಾಲ್ವ್ ಮುಚ್ಚಿದೆ; ಒಳಗೆ ಕೂದಲೆಳೆಯಷ್ಟು ಸಂದಿ ಉಳಿದಿದೆ. ಕೊಳವೆಯ ಕೀಲಿನಲ್ಲಿ ಸೋರಿದರೆ ಯಾರ ಮೂಗಿಗಾದರೂ ವಾಸನೆ ಬಡಿಯುತ್ತದೆ. ಸೀಟಿನ ಮೇಲೆ ಸೋರುವ ಗ್ಯಾಸ್ ಹಾಗೆ ಹೊರಗೆ ಬರುವುದೇ ಇಲ್ಲ, ಕೊಳವೆಯೊಳಗೇ ಮುಂದೆ ಸಾಗಿ ಆರಿದ ಕುಲುಮೆಯ ಹೊಟ್ಟೆ ಸೇರುತ್ತದೆ.

ಎಷ್ಟು ಸೇರುತ್ತದೆ? ಬರ್ನರ್‌ಗೆ ಬರುವ ನೈಸರ್ಗಿಕ ಅನಿಲದ ಒತ್ತಡ 100 ಮಿಲಿಬಾರ್ ಎಂದುಕೊಳ್ಳೋಣ. ಉಳಿದ ಸಂದಿಯೆಲ್ಲ ಸೇರಿ 1 ಮಿಲಿಮೀಟರ್ ವ್ಯಾಸದ ತೂತಿಗೆ ಸಮ ಎಂದಿಟ್ಟುಕೊಳ್ಳೋಣ. ಆ ತೂತಿನಿಂದ ಗ್ಯಾಸ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಗಂಟೆಗೆ ಸುಮಾರು 290 ಲೀಟರ್. ಶನಿವಾರ ಸಂಜೆ ಆರಿಸಿ ಸೋಮವಾರ ಬೆಳಿಗ್ಗೆ ಹೊತ್ತಿಸುವ ಕುಲುಮೆಗೆ ನಡುವೆ 36 ಗಂಟೆಯ ಬಿಡುವಿದ್ದರೆ, ಅಷ್ಟರಲ್ಲಿ 10 ಘನ ಮೀಟರ್‌ಗೂ ಸ್ವಲ್ಪ ಹೆಚ್ಚೇ ಗ್ಯಾಸ್ ಒಳಹೊಕ್ಕಿರುತ್ತದೆ.

ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ದಾಗ ಮಾತ್ರ ಆ ಮಿಶ್ರಣ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಉರಿಯಲು ಇಂಧನ ಸಾಲದು, ಹೆಚ್ಚಿದ್ದರೆ ಗಾಳಿ ಸಾಲದು. ಕುಲುಮೆಯ ಒಳಗಿನ ಜಾಗ 20 ಘನ ಮೀಟರ್ ಇದ್ದರೆ 5 ಶೇಕಡಾ ಎಂದರೆ 1 ಘನ ಮೀಟರ್. ಮೂರೂವರೆ ಗಂಟೆಯಲ್ಲಿ ಆ ಗಡಿ ಬಂತು. ಚಿಮಣಿಯ ಎಳೆತಕ್ಕೆ ಒಂದಷ್ಟು ಮೇಲೆ ಹೋಗುತ್ತದೆ, ನಿಜ. ಶಾಖ ಉಳಿಯಲಿ ಎಂದು ಯಾರಾದರೂ ಡ್ಯಾಂಪರ್ ಮುಚ್ಚಿದ್ದರೆ ಅದೂ ಇಲ್ಲ.

ಇಂಥ ಮಿಶ್ರಣ ಗಟ್ಟಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಹೊತ್ತಿಕೊಂಡರೆ ಒತ್ತಡ ಸುಮಾರು ಎಂಟು ಪಟ್ಟು ಏರಬಲ್ಲದು. ಕುಲುಮೆ ಅಷ್ಟು ದೂರ ಹೋಗುವುದೇ ಇಲ್ಲ, ಅದಕ್ಕೆ ಮೊದಲೇ ಒಡೆದಿರುತ್ತದೆ. ಅದನ್ನು ಕಟ್ಟುವುದು ಶಾಖ ಹಿಡಿದಿಡಲು, ಒತ್ತಡ ತಡೆಯಲು ಅಲ್ಲ. 1 ಚದರ ಮೀಟರ್ ಬಾಗಿಲಿನ ಮೇಲೆ ಬರೀ 0.1 ಬಾರ್ ಒತ್ತಡ ಬಿದ್ದರೆ ಅದು ಸುಮಾರು ಒಂದು ಟನ್ ಭಾರದಷ್ಟು ತಳ್ಳುತ್ತದೆ. ಆ ಬಾಗಿಲಿನ ಚಿಲಕವನ್ನೊಮ್ಮೆ ನೋಡಿದವರಿಗೆ ಮುಂದಿನದು ವಿವರಿಸಬೇಕಾಗಿಲ್ಲ.

ಒಂದು ವಾಲ್ವ್ ಸೋರುವುದಾದರೆ ಎರಡು ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಹಾಕಲೇಬೇಕು ಕೂಡ. ದೊಡ್ಡ ಬರ್ನರ್‌ಗಳಿಗೆ ಒಂದರ ಹಿಂದೊಂದು ಎರಡು ಸ್ವಯಂಚಾಲಿತ ವಾಲ್ವ್ ಇರಲೇಬೇಕೆಂದು ಬಹುತೇಕ ಎಲ್ಲ ಸುರಕ್ಷತಾ ಸಂಹಿತೆಗಳೂ ಹೇಳುತ್ತವೆ. ಆದರೆ ಎರಡು ಎಂದಾಕ್ಷಣ ಅಪಾಯ ಅರ್ಧದರ್ಧ ಇಳಿಯಿತು ಎಂದುಕೊಳ್ಳುವಂತಿಲ್ಲ. ಮೊದಲನೆಯದು ಸ್ವಲ್ಪ ಸೋರಿದರೂ ಎರಡರ ನಡುವಿನ ಗೇಣುದ್ದದ ಕೊಳವೆ ನಿಧಾನಕ್ಕೆ ತುಂಬಿಕೊಂಡು, ಅಲ್ಲಿನ ಒತ್ತಡ ಹಿಂದಿನ ಒತ್ತಡಕ್ಕೆ ಸಮವಾಗುತ್ತದೆ. ಅಲ್ಲಿಂದ ಮುಂದೆ ಪೂರ್ತಿ ಭಾರ ಎರಡನೆಯದರ ಮೇಲೆ. ಎರಡೂ ಒಂದೇ ಮಾದರಿಯವು, ಒಂದೇ ದಿನ ಕೂರಿಸಿದವು, ಒಂದೇ ಕೊಳವೆಯ ಕಸ ತಿಂದವು. ಒಂದು ಕೆಟ್ಟ ಕಾರಣಕ್ಕೇ ಇನ್ನೊಂದೂ ಕೆಟ್ಟಿರುವ ಸಂಭವ ಹೆಚ್ಚು.

ಇಲ್ಲಿ ಮೂರನೆಯ ವಾಲ್ವ್ ಬರುತ್ತದೆ. ಅದರ ಕೆಲಸ ಗ್ಯಾಸನ್ನು ತಡೆಯುವುದಲ್ಲ, ಬಿಡುವುದು.

ಗದ್ದೆಗೆ ನೀರು ನುಗ್ಗಬಾರದು ಎಂದಿರುವ ರೈತ ಕಾಲುವೆಗೆ ಅಡ್ಡಲಾಗಿ ಮಣ್ಣು ಕಟ್ಟುತ್ತಾನೆ. ನಂಬಿಕೆ ಸಾಲದೆ ಅದರ ಮುಂದೆ ಇನ್ನೊಂದು ಕಟ್ಟುತ್ತಾನೆ. ಜಾಣನಾದವನು ಎರಡು ಕಟ್ಟೆಗಳ ನಡುವೆ ಬದು ಕಡಿದು ಹಳ್ಳದ ಕಡೆಗೊಂದು ತೋಡು ಬಿಡುತ್ತಾನೆ. ಮೊದಲ ಕಟ್ಟೆ ಜಿನುಗಿದರೂ ನೀರು ನಡುವೆ ನಿಲ್ಲದೆ ಹಳ್ಳಕ್ಕೆ ಇಳಿಯುತ್ತದೆ. ಎರಡನೆಯ ಕಟ್ಟೆಗೆ ನೀರಿನ ಒತ್ತೇ ತಾಗುವುದಿಲ್ಲ, ಅದು ಬಿರುಕು ಬಿಟ್ಟಿದ್ದರೂ ಗದ್ದೆ ಒಣಗಿಯೇ ಇರುತ್ತದೆ.

ಗ್ಯಾಸ್ ಟ್ರೇನ್ ಎಂದು ಕರೆಯುವ ಕೊಳವೆ-ವಾಲ್ವ್‌ಗಳ ಸಾಲಿನಲ್ಲಿ ಆ ತೋಡೇ ವೆಂಟ್ ವಾಲ್ವ್. ಎರಡು ತಡೆ ವಾಲ್ವ್‌ಗಳ ನಡುವಿನಿಂದ ಒಂದು ಕವಲು ಹೊರಟು, ಈ ವಾಲ್ವ್ ಹಾಯ್ದು, ಗೋಡೆಗುಂಟ ಮೇಲೇರಿ ಛಾವಣಿಯಾಚೆ ಬಯಲಿಗೆ ಬಾಯಿ ತೆರೆಯುತ್ತದೆ. ಸಾಮಾನ್ಯವಾಗಿ ಎರಡಿಂಚಿನ ಗ್ಯಾಸ್ ಕೊಳವೆಗೆ ಒಂದಿಂಚಿನ ವೆಂಟ್. ಬರ್ನರ್ ಆರಿರುವಷ್ಟು ಹೊತ್ತೂ ಅದು ತೆರೆದಿರುತ್ತದೆ. ಹಾಗಾಗಿ ನಡುವಿನ ಜಾಗದ ಒತ್ತಡ ಹೊರಗಿನ ಗಾಳಿಯದಕ್ಕೆ ಸಮ. ಎರಡನೆಯ ವಾಲ್ವ್‌ನ ಈಚೆಗೂ ಆಚೆಗೂ ಒಂದೇ ಒತ್ತಡ ಇದ್ದರೆ ಅದರ ಸೀಟು ಎಷ್ಟೇ ಸವೆದಿರಲಿ, ಗ್ಯಾಸನ್ನು ಕುಲುಮೆಯತ್ತ ತಳ್ಳುವ ಶಕ್ತಿಯೇ ಅಲ್ಲಿಲ್ಲ.

ಈ ಮೂರೂ ವಾಲ್ವ್‌ಗಳ ಚಾಲನೆಯಲ್ಲಿರುವ ಜಾಣ್ಮೆ ಇನ್ನೂ ಸೊಗಸಾದದ್ದು. ಪ್ರತಿಯೊಂದರಲ್ಲೂ ಒಂದು ಸ್ಪ್ರಿಂಗ್, ಒಂದು ತಾಮ್ರದ ಕಾಯಿಲ್. ಕಾಯಿಲ್‌ಗೆ ಕರೆಂಟು ಕೊಟ್ಟಾಗ ಅದು ಅಯಸ್ಕಾಂತವಾಗಿ ಸ್ಪ್ರಿಂಗಿನ ಹಟ ಮುರಿದು ವಾಲ್ವನ್ನು ಎಳೆದು ಹಿಡಿಯುತ್ತದೆ. ಕರೆಂಟು ತೆಗೆದರೆ ಸ್ಪ್ರಿಂಗ್ ಗೆಲ್ಲುತ್ತದೆ. ತಡೆ ವಾಲ್ವ್‌ಗಳಲ್ಲಿ ಸ್ಪ್ರಿಂಗಿನ ಬಯಕೆ ಮುಚ್ಚುವುದು, ವೆಂಟ್ ವಾಲ್ವ್‌ನಲ್ಲಿ ತೆರೆಯುವುದು. ಕರೆಂಟಿಲ್ಲದಾಗ ಮುಚ್ಚಿರುವುದಕ್ಕೆ ಎನ್.ಸಿ., ತೆರೆದಿರುವುದಕ್ಕೆ ಎನ್.ಓ. ಎಂದು ಎಲೆಕ್ಟ್ರಿಷಿಯನ್ನರು ಎರಡಕ್ಷರದಲ್ಲಿ ಮುಗಿಸಿಬಿಡುತ್ತಾರೆ. ಮೂರಕ್ಕೂ ಆದೇಶ ಒಂದೇ ಮೂಲದಿಂದ. ಕರೆಂಟು ಬಂತೆಂದರೆ ಎರಡು ತೆರೆಯುತ್ತವೆ, ಮೂರನೆಯದು ಮುಚ್ಚುತ್ತದೆ, ಬರ್ನರ್ ಉರಿಯುತ್ತದೆ. ಜ್ವಾಲೆ ಆರಿತೆಂದು ಸೆನ್ಸರ್ ಹೇಳಿದರೂ, ಗಾಳಿಯ ಫ್ಯಾನ್ ನಿಂತರೂ, ಗ್ಯಾಸಿನ ಒತ್ತಡ ಏರುಪೇರಾದರೂ, ಇಲಿ ವೈರು ಕಡಿದರೂ, ಊರಿಗೆ ಊರೇ ಕತ್ತಲಾದರೂ ಕರೆಂಟು ಹೋಗುತ್ತದೆ. ಎರಡು ಮುಚ್ಚುತ್ತವೆ, ಒಂದು ತೆರೆಯುತ್ತದೆ. ಇದಕ್ಕೆ ಯಾರೂ ಓಡಿ ಬಂದು ಏನನ್ನೂ ತಿರುಗಿಸಬೇಕಿಲ್ಲ.

ಈ ಯೋಚನೆಗೆ ರೈಲಿನಲ್ಲೊಬ್ಬ ಹಿರಿಯಣ್ಣ ಇದ್ದಾನೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ತಂದ ಮೊದಲ ಏರ್ ಬ್ರೇಕ್‌ನಲ್ಲಿ ಗಾಳಿ ತುಂಬಿದರೆ ಬ್ರೇಕ್ ಹಿಡಿಯುತ್ತಿತ್ತು. ಕೊಳವೆ ಹರಿದರೆ ಗಾಳಿಯೂ ಇಲ್ಲ, ಬ್ರೇಕೂ ಇಲ್ಲ. 1872ರಲ್ಲಿ ಅವನು ಇಡೀ ಲೆಕ್ಕವನ್ನು ತಿರುವುಮುರುವು ಮಾಡಿದ. ಕೊಳವೆಯಲ್ಲಿ ಗಾಳಿಯ ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿದರೆ ತಾನಾಗಿ ಹಿಡಿಯುತ್ತದೆ. ಬೋಗಿಯ ಕೊಂಡಿ ಕಳಚಿದರೆ ಕೊಳವೆಯೂ ಹರಿಯುತ್ತದೆ, ಕಳಚಿದ ಬೋಗಿಗಳು ನಿಲ್ಲುತ್ತವೆ. ಕೆಡುಕಾದಾಗ ಕೆಲಸ ಮಾಡಲು ಶಕ್ತಿ ಬೇಡುವ ಸುರಕ್ಷತೆಯನ್ನು ನಂಬಬಾರದು ಎಂಬುದು ಅಲ್ಲಿಂದಾಚೆ ಎಂಜಿನಿಯರುಗಳಿಗೆ ರಕ್ತಗತ.

ಅಮೆರಿಕದ ಕಾರ್ಖಾನೆಗಳಲ್ಲಿ ವೆಂಟ್ ವಾಲ್ವ್ ಬೇರೂರಲು ಕಾರಣ ಸರ್ಕಾರಕ್ಕಿಂತ ಹೆಚ್ಚಾಗಿ ವಿಮಾದಾರರು. ನಷ್ಟ ಕಟ್ಟಿಕೊಡಬೇಕಾದವರು ವಾಲ್ವ್‌ಗಳ ಬಗ್ಗೆ ತಲೆಕೆಡಿಸಿಕೊಳ್ಳುವುದು ಸಹಜವೇ. ಇಂಡಸ್ಟ್ರಿಯಲ್ ರಿಸ್ಕ್ ಇನ್ಶೂರರ್ಸ್ ಎಂಬ ವಿಮಾ ಬಳಗ ಈ ವೆಂಟ್ ಬೇಕೇ ಬೇಕು ಎನ್ನುತ್ತಿತ್ತು, ಹೀಗಾಗಿ ವೆಂಟ್ ಇರುವ ಸಾಲಿಗೆ ಐಆರ್‌ಐ ಟ್ರೇನ್ ಎಂಬ ಹೆಸರೇ ಬಿತ್ತು. ಎದುರಾಳಿ ಫ್ಯಾಕ್ಟರಿ ಮ್ಯೂಚುವಲ್ ಬಳಗ ಅದನ್ನು ಕಡ್ಡಾಯ ಮಾಡಲಿಲ್ಲ. ಒಂದೇ ಅಪಾಯವನ್ನು ನೋಡಿದ ಇಬ್ಬರು ಜಾಣರು ಬೇರೆ ಬೇರೆ ತೀರ್ಮಾನಕ್ಕೆ ಬಂದಿದ್ದರು. ಯಾಕೆಂಬುದು ಮುಂದೆ ತಿಳಿಯುತ್ತದೆ.

ಅದಕ್ಕೆ ಮೊದಲು, ಆರಿದ ಕುಲುಮೆಗೆ ಗ್ಯಾಸ್ ಹೊಕ್ಕರೆ ಏನಾಗುತ್ತದೆ ಎಂಬುದಕ್ಕೊಂದು ನಿಜ ಪ್ರಸಂಗ. 1999ರ ಫೆಬ್ರವರಿ 1ರಂದು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯ ವಿದ್ಯುತ್ ಘಟಕದಲ್ಲಿ 6ನೇ ಬಾಯ್ಲರನ್ನು ವಾರ್ಷಿಕ ದುರಸ್ತಿಗಾಗಿ ನಿಲ್ಲಿಸುತ್ತಿದ್ದರು. ಉರಿ ಆರಿದ ಬಾಯ್ಲರ್‌ನ ಒಳಕ್ಕೆ ನೈಸರ್ಗಿಕ ಅನಿಲ ಹರಿದು ತುಂಬಿಕೊಂಡು ಸಿಡಿಯಿತು. ಆರು ಕಾರ್ಮಿಕರು ಸತ್ತರು. ಇದು ಸೀಟಿನ ಮೇಲಿನ ಸಣ್ಣ ಸೋರಿಕೆಯ ಕತೆಯಲ್ಲ, ಕೊಳವೆಯನ್ನು ಬೇರ್ಪಡಿಸುವ ಕ್ರಮದಲ್ಲಿ ಆದ ಲೋಪ. ಆದರೂ ಇಲ್ಲಿ ಹೇಳಬೇಕಾದದ್ದೇ. ಬಾಯ್ಲರ್ ಹೆಚ್ಚು ಅಪಾಯಕಾರಿಯಾಗುವುದು ಧಗಧಗ ಉರಿಯುವಾಗ ಅಲ್ಲ, ಆರಿಸುವಾಗ, ಹೊತ್ತಿಸುವಾಗ ಮತ್ತು ನಡುವೆ ಸುಮ್ಮನೆ ನಿಂತಿರುವಾಗ. ಉರಿಯುತ್ತಿರುವ ಬಾಯ್ಲರ್ ಬಂದ ಗ್ಯಾಸನ್ನೆಲ್ಲ ಆಗಲೇ ತಿಂದು ಮುಗಿಸುತ್ತದೆ. ಕೂಡಿಡುವುದು ಆರಿದ ಬಾಯ್ಲರ್.

ಹೊತ್ತಿಸುವ ಮುನ್ನ ಗಾಳಿ ಊದಿ ಒಳಗಿನದನ್ನು ತೊಳೆದುಬಿಡುವ ಪರ್ಜ್ ಎಂಬ ಕ್ರಮ ಇದ್ದೇ ಇದೆಯಲ್ಲ ಎಂದು ಕೇಳಬಹುದು. ಇದೆ. ಓವನ್ ಮತ್ತು ಕುಲುಮೆಗಳಿಗಾಗಿ ಬರೆದ ಅಮೆರಿಕದ ಎನ್‌ಎಫ್‌ಪಿಎ 86 ಸಂಹಿತೆ ಒಳಗಿನ ಗಾತ್ರದ ನಾಲ್ಕು ಪಟ್ಟು ಗಾಳಿ ಹಾಯಿಸಿ ಎನ್ನುತ್ತದೆ. ಗಾಳಿ ಚೆನ್ನಾಗಿ ಬೆರೆತರೆ, ಪೂರ್ತಿ ಗ್ಯಾಸೇ ತುಂಬಿದ್ದ ಕುಲುಮೆಯಲ್ಲೂ ಆಮೇಲೆ 2 ಶೇಕಡಕ್ಕಿಂತ ಕಡಿಮೆ ಉಳಿಯುತ್ತದೆ. ಆದರೆ ಪರ್ಜ್ ಕಾಯುವುದು ಹೊತ್ತಿಸುವ ಗಳಿಗೆಯನ್ನು. ಭಾನುವಾರ ಮಧ್ಯಾಹ್ನ ಇಟ್ಟಿಗೆ ರಿಪೇರಿಗೆ ಟಾರ್ಚ್ ಹಿಡಿದು ಒಳನುಗ್ಗಿದವನನ್ನೂ ಅವನ ವೆಲ್ಡಿಂಗ್ ಕಿಡಿಯನ್ನೂ ಅದು ಕಾಯದು.

ಹಾಗಾದರೆ ವೆಂಟ್ ವಾಲ್ವ್ ಮೇಲೆ ತಕರಾರು ಏಕೆ? ಮೊದಲನೆಯದು, ಅದು ಕೆಟ್ಟರೆ ಗೊತ್ತೇ ಆಗುವುದಿಲ್ಲ. ಬರ್ನರ್ ಉರಿಯುವಷ್ಟು ಹೊತ್ತೂ ಅದರ ಕಾಯಿಲ್‌ನಲ್ಲಿ ಕರೆಂಟು ಹರಿಯುತ್ತಿರಬೇಕು. ವರ್ಷಗಟ್ಟಲೆ ಬಿಸಿಯಾಗಿದ್ದು ಒಂದು ದಿನ ಕಾಯಿಲ್ ಸುಟ್ಟಿತೆನ್ನಿ. ಸ್ಪ್ರಿಂಗ್ ತನ್ನ ಧರ್ಮದಂತೆ ವೆಂಟನ್ನು ತೆರೆಯುತ್ತದೆ, ಇತ್ತ ತಡೆ ವಾಲ್ವ್‌ಗಳೂ ತೆರೆದೇ ಇವೆ. ಗ್ಯಾಸ್ ಒಂದು ಪಾಲು ಬರ್ನರ್‌ಗೆ, ಒಂದು ಪಾಲು ಆಕಾಶಕ್ಕೆ. ಕಡಿಮೆ ಒತ್ತಡದ ಸ್ವಿಚ್ ಟ್ರಿಪ್ ಆಗುವಷ್ಟು ಒತ್ತಡ ಇಳಿಯದೆ ಇದ್ದರೆ ಬರ್ನರ್ ಎಂದಿನಂತೆ ಉರಿಯುತ್ತಿರುತ್ತದೆ. ಒಂದಿಂಚಿನ ಕೊಳವೆಯಲ್ಲಿ ಹೀಗೆ ಗಂಟೆಗೆ ಹತ್ತಾರು ಘನ ಮೀಟರ್ ಹೋಗಬಹುದು. ಲೆಕ್ಕಪತ್ರದವರು ತಿಂಗಳ ಬಿಲ್ಲು ನೋಡಿ ಹುಬ್ಬೇರಿಸಿದಾಗಲೇ ಛಾವಣಿ ಹತ್ತುವ ಯೋಚನೆ ಬರುವುದು.

ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು: ವಾಲ್ವ್ ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿಕೊಳ್ಳುವುದು. ಆಗ ಬಿಲ್ಲೂ ಏರದು, ವಾಸನೆಯೂ ಬಾರದು, ಬರ್ನರೂ ಮುನಿಯದು. ಮೂರನೆಯ ವಾಲ್ವ್ ಇದೆ ಎಂದು ನಕ್ಷೆಯಲ್ಲಿರುತ್ತದೆ, ಕೆಲಸದಲ್ಲಿ ಇರುವುದಿಲ್ಲ. ವಾಲ್ವ್ ಸರಿಯಿದ್ದು ಕೊಳವೆಯ ಬಾಯಿ ಕಟ್ಟಿದ್ದರೂ ಅಷ್ಟೇ ಫಲ. ಛಾವಣಿಯ ಮೇಲೆ ಬಾಗಿಸಿ ಬಿಟ್ಟ ಕೊಳವೆಯ ಬಾಯಿಯನ್ನು ಕಣಜ ತನಗಾಗಿಯೇ ಕಟ್ಟಿದ್ದೆಂದು ತಿಳಿಯುತ್ತದೆ. ಅದಕ್ಕೇ ಅಲ್ಲೊಂದು ಜಾಲರಿ ಇರಬೇಕು. ವೆಂಟ್ ಕೊಳವೆಗೆ ಕೈವಾಲ್ವ್ ಹಾಕಲೇಬಾರದು, ಪರೀಕ್ಷೆಗೆಂದು ಹಾಕಿದ್ದರೆ ತೆರೆದ ಸ್ಥಿತಿಯಲ್ಲೇ ಬೀಗ ಜಡಿಯಬೇಕು. ರೆಗ್ಯುಲೇಟರ್‌ನ ಉಸಿರಾಟದ ಕೊಳವೆಯನ್ನು ಇದಕ್ಕೆ ಸೇರಿಸಿ ಪೈಪ್ ಉಳಿಸುವ ಆಸೆಯೂ ಬೇಡ. ವೆಂಟಿನಿಂದ ನುಗ್ಗಿದ ಗ್ಯಾಸ್ ರೆಗ್ಯುಲೇಟರ್‌ನ ಪರದೆಯನ್ನು ಮೇಲಿನಿಂದ ಒತ್ತಿದರೆ ಅದು ತಪ್ಪು ತಿಳಿದು ಒತ್ತಡ ಏರಿಸಿಬಿಡುತ್ತದೆ.

ಸೀಟು ಸರಿಯಿದೆಯೇ ಎಂದು ತಿಳಿಯಲು ಇಂದಿಗೂ ನಡೆಯುವ ಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ಲೋಟ ನೀರು. ಬರ್ನರ್ ಆರಿಸಿ, ವಾಲ್ವ್‌ಗಳ ನಡುವಿನ ಪರೀಕ್ಷಾ ನಲ್ಲಿಗೆ ಕಾಲಿಂಚಿನ ನಳಿಗೆ ಸಿಕ್ಕಿಸುತ್ತಾರೆ. ಗ್ಯಾಸ್ ಬೇರೆಡೆ ಹೋಗದಂತೆ ಪರೀಕ್ಷೆಯ ಹೊತ್ತಿಗಷ್ಟೇ ವೆಂಟ್ ಕಟ್ಟುತ್ತಾರೆ. ನಳಿಗೆಯ ತುದಿ ನೀರಿನ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಕೆಳಗಿರಬೇಕು. ಆಳಕ್ಕೆ ಮುಳುಗಿಸಿದರೆ ಆ ನೀರಿನ ಭಾರವೇ ಸಣ್ಣ ಸೋರಿಕೆಯನ್ನು ಅಡಗಿಸಿಬಿಡುತ್ತದೆ. ಮೊದಲಿಗೆ ಗುಳುಗುಳು ಎಂದು ಬರುವ ಗುಳ್ಳೆಗಳನ್ನು ಎಣಿಸುವುದಿಲ್ಲ, ಅದು ನಡುವೆ ಸಿಕ್ಕಿಕೊಂಡಿದ್ದ ಗ್ಯಾಸ್. ಅದು ಕಳೆದ ಮೇಲೆ ಗಡಿಯಾರ ಹಿಡಿದು ನಿಮಿಷಕ್ಕೆಷ್ಟು ಗುಳ್ಳೆ ಎಂದು ನೋಡಿ, ತಯಾರಕರು ಕೊಟ್ಟ ಮಿತಿಗೆ ಹೋಲಿಸುತ್ತಾರೆ. ಗುಳ್ಳೆಯೇ ಇಲ್ಲದಿದ್ದರೆ ಅನುಭವಿಗಳು ಹಿಗ್ಗುವುದಿಲ್ಲ. ನಳಿಗೆ ಎಲ್ಲಾದರೂ ಮಡಚಿದೆಯೇ ಎಂದು ಮೊದಲು ನೋಡುತ್ತಾರೆ. ಕೊನೆಗೆ, ಕಟ್ಟಿದ ವೆಂಟನ್ನು ಬಿಚ್ಚಿದ್ದೇವೆಯೇ ಎಂದು ಇನ್ನೊಬ್ಬರ ಕಣ್ಣಿನಲ್ಲಿ ನೋಡಿಸುತ್ತಾರೆ, ನೋಡಿಸಬೇಕು.

ಎರಡನೆಯ ತಕರಾರು, ಬಿಟ್ಟ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂಬುದು. ವೆಂಟಿನ ಬಾಯಿ ಕಿಟಕಿಯ ಪಕ್ಕದಲ್ಲೋ ಏರ್ ಕಂಡೀಷನರ್ ಗಾಳಿ ಎಳೆದುಕೊಳ್ಳುವ ಜಾಗದಲ್ಲೋ ಇದ್ದರೆ ಕುಲುಮೆಗೆ ತಪ್ಪಿಸಿದ್ದನ್ನು ಕಚೇರಿಗೆ ಕೊಟ್ಟಂತೆ. 2009ರ ಜೂನ್ 9ರಂದು ಉತ್ತರ ಕ್ಯಾರೊಲೈನಾದ ಗಾರ್ನರ್‌ನಲ್ಲಿ, ಮಾಂಸದ ತಿನಿಸು ಮಾಡುವ ಕಾನ್ಆಗ್ರಾ ಕಾರ್ಖಾನೆಯಲ್ಲಿ ಹೊಸ ಗ್ಯಾಸ್ ವಾಟರ್ ಹೀಟರ್ ಹೊತ್ತಿಸಲು ಒದ್ದಾಡುತ್ತಾ ಕೊಳವೆಯಲ್ಲಿದ್ದ ಗಾಳಿಯನ್ನು ಹೊರದೂಡಲು ಗ್ಯಾಸ್ ಹಾಯಿಸಿದರು. ಆ ಗ್ಯಾಸನ್ನು ಕಟ್ಟಡದ ಹೊರಕ್ಕೆ ಒಯ್ಯಲಿಲ್ಲ, ಒಳಗೇ ಬಿಟ್ಟರು. ವಾಸನೆ ಬಂದಾಗ ನಿಲ್ಲಿಸೋಣ ಎಂದಿತ್ತು. ಮೂಗು ಅಂಥ ವಾಸನೆಗೆ ಬೇಗ ಒಗ್ಗಿಬಿಡುತ್ತದೆ. ಸಿಡಿತದಲ್ಲಿ ನಾಲ್ವರು ಸತ್ತರು. ಎಂಟೇ ತಿಂಗಳಿಗೆ, 2010ರ ಫೆಬ್ರವರಿ 7ರಂದು, ಕನೆಕ್ಟಿಕಟ್‌ನ ಮಿಡ್ಲ್‌ಟೌನ್‌ನಲ್ಲಿ ಕಟ್ಟುತ್ತಿದ್ದ ಕ್ಲೀನ್ ಎನರ್ಜಿ ವಿದ್ಯುತ್ ಸ್ಥಾವರದಲ್ಲಿ ಹೊಸ ಕೊಳವೆಗಳ ಕಸ ಊದಲು ನೈಸರ್ಗಿಕ ಅನಿಲವನ್ನೇ ಬಳಸಿದರು. ಅಲ್ಲಿ ಸತ್ತವರು ಆರು ಮಂದಿ.

ವಾಸನೆಯ ಹಿಂದೆಯೂ ದೊಡ್ಡ ದುರಂತವಿದೆ. ಮೀಥೇನ್‌ಗೆ ಸ್ವಂತ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ ಸೋರಿ ಕೂಡಿದ್ದ ಗ್ಯಾಸ್ ಸಿಡಿದು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು, ಸತ್ತರು. ಮರ್ಕಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸಿ ಗ್ಯಾಸಿಗೆ ನಾತ ಕೊಡುವುದು ಕಡ್ಡಾಯವಾದದ್ದು ಆ ಬಳಿಕ.

ಮೂರನೆಯದು ಗ್ಯಾಸಿನ ತೂಕ. ನೈಸರ್ಗಿಕ ಅನಿಲ ಗಾಳಿಗಿಂತ ಸುಮಾರು ಅರ್ಧದಷ್ಟು ಹಗುರ, ಛಾವಣಿಯ ಮೇಲೆ ಬಿಟ್ಟರೆ ಮೇಲೇರಿ ಚದುರುತ್ತದೆ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಅದನ್ನು ಮೇಲೆ ಬಿಟ್ಟರೂ ಗೋಡೆಗುಂಟ ಇಳಿದು ಚರಂಡಿ, ಕೇಬಲ್ ಗುಂಡಿ, ತಳಮನೆ ಹುಡುಕುತ್ತದೆ. ಗಾಳಿಯಲ್ಲಿ ಸುಮಾರು 2 ಶೇಕಡಾ ಇದ್ದರೆ ಸಾಕು ಹೊತ್ತಿಕೊಳ್ಳಲು. ಅದಕ್ಕೇ ಎಲ್‌ಪಿಜಿ ಸಾಲುಗಳಿಗೆ ವೆಂಟ್ ವಾಲ್ವ್ ಒಳ್ಳೆಯ ಉಪಾಯ ಅಲ್ಲ. ಕರ್ನಾಟಕದವರು ಇದನ್ನು ಸ್ವಲ್ಪ ಗಮನಿಸಬೇಕು. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆಮಾರ್ಗ ಬಂದದ್ದು 2013ರಲ್ಲಿ. ಎಲ್‌ಪಿಜಿಯಿಂದ ಕೊಳವೆ ಗ್ಯಾಸಿಗೆ ಬದಲಾಗುವ ಕಾರ್ಖಾನೆ ನಾಜಲ್, ರೆಗ್ಯುಲೇಟರ್ ಬದಲಾಯಿಸಿದರೆ ಸಾಲದು. ನೆಲದ ಹತ್ತಿರ ಕೂರಿಸಿದ ಗ್ಯಾಸ್ ಡಿಟೆಕ್ಟರ್ ಇನ್ನು ಛಾವಣಿಯ ಹತ್ತಿರ ಹೋಗಬೇಕು, ವೆಂಟಿನ ಲೆಕ್ಕವನ್ನೂ ಹೊಸದಾಗಿ ಹಾಕಬೇಕು.

ಇವನ್ನೆಲ್ಲ ನೋಡಿದವರು ಬೇರೆ ದಾರಿ ಹಿಡಿದರು. ಯುರೋಪಿನಲ್ಲಿ ವೆಂಟ್ ಬದಲು ವಾಲ್ವ್‌ಗಳನ್ನೇ ಪ್ರತಿ ಸಲ ಪರೀಕ್ಷಿಸುವ ಏರ್ಪಾಡು ಹೆಚ್ಚು ರೂಢಿ. ಹೊತ್ತಿಸುವ ಮುನ್ನವೋ ಆರಿಸಿದ ಮೇಲೋ ಒಂದು ಪುಟ್ಟ ನಿಯಂತ್ರಕ ನಡುವಿನ ಜಾಗವನ್ನು ಖಾಲಿ ಮಾಡಿ ಕಾಯುತ್ತದೆ. ಒತ್ತಡ ಏರಿದರೆ ಮೊದಲ ವಾಲ್ವ್ ಸೋರುತ್ತಿದೆ. ಬಳಿಕ ಆ ಜಾಗವನ್ನು ತುಂಬಿಸಿ ಕಾಯುತ್ತದೆ. ಇಳಿದರೆ ಎರಡನೆಯದು ಸೋರುತ್ತಿದೆ. ಎರಡರಲ್ಲಿ ಯಾವುದು ಸೋರಿದರೂ ಬರ್ನರ್‌ಗೆ ಅನುಮತಿ ಇಲ್ಲ. ಎನ್‌ಎಫ್‌ಪಿಎ 86 ಕೂಡ ವೆಂಟ್ ವಾಲ್ವನ್ನು ಕಡ್ಡಾಯ ಮಾಡುವುದಿಲ್ಲ. ದೊಡ್ಡ ಬಾಯ್ಲರ್‌ಗಳ ಸಂಹಿತೆ ಎನ್‌ಎಫ್‌ಪಿಎ 85 ಮಾತ್ರ ಅದನ್ನು ಬಿಟ್ಟುಕೊಟ್ಟಿಲ್ಲ. ನನಗೆ ಎರಡೂ ನಿಲುವು ಒಪ್ಪಿಗೆ. ವೆಂಟ್ ಸೋರಿಕೆಯನ್ನು ಒಪ್ಪಿಕೊಂಡು ಅದಕ್ಕೆ ದಾರಿ ತೋರಿಸುತ್ತದೆ, ಪರೀಕ್ಷೆ ಸೋರಿಕೆಯನ್ನು ಹಿಡಿದು ಹೆಸರು ಹೇಳುತ್ತದೆ. ಒಪ್ಪಲಾಗದ್ದು ಎರಡೂ ಇಲ್ಲದ, ವರ್ಷಕ್ಕೊಮ್ಮೆ ಗುಳ್ಳೆ ಎಣಿಸುವವರೂ ಇಲ್ಲದ ಸಾಲು.

ಹವಾಮಾನದ ಮಾತೂ ಈಗ ಈ ಚರ್ಚೆಗೆ ಸೇರಿದೆ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು. ಹಾಗೆಂದು ವೆಂಟ್ ತೆರೆದಾಗಲೆಲ್ಲ ಬೆಚ್ಚಬೇಕಿಲ್ಲ. ಎರಡಿಂಚಿನ, ಒಂದು ಮೀಟರ್ ಉದ್ದದ ಕೊಳವೆಯಲ್ಲಿ ಹಿಡಿಸುವುದೇ ಸುಮಾರು 2 ಲೀಟರ್. 100 ಮಿಲಿಬಾರ್ ಒತ್ತಡ ಇಳಿದಾಗ ಹೊರಹೋಗುವುದು ಅದರ ಹತ್ತನೆಯ ಒಂದು ಪಾಲು. ಕಾಯಿಲ್ ಸುಟ್ಟು ವಾರಗಟ್ಟಲೆ ತೆರೆದೇ ಉಳಿದ ವೆಂಟ್ ಎಸಗುವ ಕೇಡಿನ ಮುಂದೆ ಇದು ಏನೂ ಅಲ್ಲ. ವೆಂಟ್ ನಿಜವಾಗಿ ಮುಚ್ಚಿದೆಯೇ ಎಂದು ಹೇಳುವ ಸ್ವಿಚ್ ಒಂದನ್ನು ಅದರ ಮೇಲೆ ಕೂರಿಸಿ, ಮುಚ್ಚಿಲ್ಲವೆಂದರೆ ಬರ್ನರ್ ನಿಲ್ಲುವಂತೆ ಮಾಡಿದರೆ ಈ ಪೀಡೆ ತಪ್ಪುತ್ತದೆ.

ಮುಂದಿನ ತಲೆನೋವು ಹೈಡ್ರೋಜನ್. ಹೊಗೆಯಿಲ್ಲದ ಇಂಧನವೆಂದು ಅದನ್ನು ನೈಸರ್ಗಿಕ ಅನಿಲದ ಜೊತೆ ಬೆರೆಸಿ, ಕೆಲವೆಡೆ ಅದೊಂದನ್ನೇ, ಕುಲುಮೆಗಳಲ್ಲಿ ಉರಿಸುವ ಪ್ರಯೋಗಗಳು ನಡೆಯುತ್ತಿವೆ. ಮೀಥೇನ್ ನುಸುಳದ ಸಂದಿಯಲ್ಲೂ ಅದು ನುಸುಳುತ್ತದೆ. 4ರಿಂದ 75 ಶೇಕಡಾವರೆಗೂ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಳ್ಳಲು ಮೀಥೇನ್‌ಗೆ ಬೇಕಾದ ಕಿಡಿಯ ಹತ್ತರಲ್ಲಿ ಒಂದು ಪಾಲೂ ಬೇಡ. ವೆಂಟಿನ ಬಾಯಲ್ಲೇ ತಾನಾಗಿ ಹತ್ತಿಕೊಂಡು ಉರಿದದ್ದೂ ಉಂಟು, ಆ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಹೈಡ್ರೋಜನ್ ಸಾಲಿನ ವೆಂಟ್ ಕೊಳವೆಯನ್ನು ವಿನ್ಯಾಸ ಮಾಡುವಾಗ ಬೆಂಕಿ ಹತ್ತುವುದಿಲ್ಲ ಎಂದು ಭಾವಿಸುವುದನ್ನು ಬಿಟ್ಟು, ತುದಿಯಲ್ಲಿ ಬೆಂಕಿ ಇದ್ದೇ ಇರುತ್ತದೆ ಎಂದುಕೊಂಡು ಎತ್ತರ, ದೂರ, ಲೋಹದ ದಪ್ಪ ಗೊತ್ತುಮಾಡಬೇಕು.